ಮಾಗಡಿ ಕೆರಿಗೆ ಹೋಗು, ಆದ್ರ ಬರಿಯಾಕಂತ ಹೋಗಬ್ಯಾಡ

ತಮ್ಮಾ,

ನಿನ್ನ ಮೆಸೇಜ್ ಓದಿದೆ. ಸಪ್ತಾಪುರದ ರೂಮಿನ್ಯಾಗ ಸುತ್ತೆಲ್ಲಾ ಕೋಚಿಂಗ್ ಹುಡುಗರ ಗದ್ದಲ, ಕೈಯಾಗ ಫೋನು, ಒಂದು ಲೈನ್ ಬರಿಯಾಕ ಆಗವಲ್ದು, ಎಲ್ಲೆರ ಶಾಂತ ಜಾಗಾದಾಗ ಹೋಗಿ ಕುಂತ್ರ ಕಥಿ ತಾನ ಬರತೈತೇನ್ರಿ ಕಾಕಾ ಅಂತ ಕೇಳಿದಿ. ಬರೂದಿಲ್ಲಪಾ. ಆದ್ರೂ ಹೋಗು.

ಧಾರವಾಡದಾಗ ಇದ್ದವರಿಗೆ ಜಾಗಾಕ್ಕೇನು ಬರ? ಸಾಧನಕೇರಿ ಐತಿ, ಕೆಲಗೇರಿ ಕೆರಿ ಐತಿ, ಸೋಮೇಶ್ವರ ಗುಡಿ ಕಡೆ ಹೋದ್ರ ಶಾಲ್ಮಲಾ ಹುಟ್ಟೂ ಜಾಗಾನೂ ಐತಿ. ಆದ್ರ ಸಾಧನಕೇರಿಗೆ ಹೋದ ಹುಡುಗರು ಬೇಂದ್ರೆ ಅಜ್ಜಾರ ಮನಿ ಮುಂದ ಸೆಲ್ಫಿ ಹೊಡಕೊಂಡು ತಮಗೂ ಏನೋ ತಗಲಿತು ಅನ್ಕೋತಾರ ನೋಡು, ಕವಿತಾ ಏನು ನೆಗಡಿನಾ, ಹತ್ರ ಹೋದ್ರ ಹತ್ತಾಕ? ಅಜ್ಜಾರು ಅಲ್ಲೇ ಬಾಳೇವು ಮಾಡಿದ್ರು, ನಾವು ಹತ್ತು ನಿಮಿಷ ನಿಂತು ಬರ್ತೀವಿ.

ನನ್ನ ಕೇಳಿದ್ರ ಚಳಿಗಾಲದಾಗ ಒಮ್ಮೆ ಮಾಗಡಿ ಕೆರಿಗೆ ಹೋಗು. ಗದಗ ಜಿಲ್ಲಾ ಶಿರಹಟ್ಟಿ ತಾಲೂಕು, ಲಕ್ಷ್ಮೇಶ್ವರದಿಂದ ಭಾಳ ದೂರಿಲ್ಲ. 2024ರಾಗ ರಾಮ್ಸಾರ್ ಪಟ್ಟಿಗೂ ಸೇರೇತಿ, ಅಂದ್ರ ಜಗತ್ತಿನ ಮಹತ್ವದ ಕೆರಿ, ಜೌಗು ಜಾಗಾಗಳ ಪಟ್ಟಿ. ಅಲ್ಲಿಗೆ ಪಟ್ಟೆತಲೆ ಹೆಬ್ಬಾತು ಬರ್ತಾವ, ಟಿಬೆಟ್ಟು ಮಂಗೋಲಿಯಾ ಕಡಿಂದ ಹಿಮಾಲಯ ದಾಟಿ. ಬಿಳಿ ತಲಿ, ತಲಿ ಹಿಂದ ಎರಡು ಕರೀ ಪಟ್ಟಿ, ಹಳದಿ ಚುಂಚು. ಹಗಲೊತ್ತು ಕೆರ್‍ಯಾಗ ಕುತಗಿ ಹಿಂದಕ್ಕ ಹೊಳ್ಳಿಸಿ ರೆಕ್ಕಿಯೊಳಗ ಚುಂಚು ತುರಕಿ ಸುಮ್ನ ತೇಲತಿರ್ತಾವ, ನೋಡಿದ್ರ ನಮಗೂ ನಿದ್ದಿ ಬರಬೇಕು.

ಹೋದಕೂಡ್ಲೇ ನೋಟ್‌ಬುಕ್ ತಗೀಬ್ಯಾಡ. ಮೊದಲ ಒಂದು ತಾಸು ಕೆರಿ ಕಾಣೂದಿಲ್ಲ ನಿನಗ, ಪಿಜಿ ಬಾಡಿಗಿ, ರಿಸಲ್ಟು, ಯಾರೋ ಕಮೆಂಟಿನ್ಯಾಗ ಅಂದದ್ದು, ಅದ ತಲ್ಯಾಗ ತಿರಗತಿರತೈತಿ, ತಿರಗಲಿ ಬಿಡು, ಅದನ್ನ ಓಡಸಾಕ ಹೋದ್ರ ಇನ್ನಷ್ಟು ಜೋರಾಗತೈತಿ. ಬ್ಯಾಸರಾದ್ರೂ ಏಳಬ್ಯಾಡ. ಬ್ಯಾಸರ ಆದ ಮ್ಯಾಲೇ ಕಣ್ಣು ಬಿಡತಾವ, ಯಾವ ಹಕ್ಕಿ ಯಾವದನ್ನ ಬೆನ್ನಟ್ಟಿತು, ಗಾಳಿ ಯಾವ ಕಡಿಂದ ಬಂತು, ದಂಡಿ ಮ್ಯಾಲ ಕುಂತ ಮುದುಕ ಯಾಕ ಅಷ್ಟೊತ್ತಿನಿಂದ ಬೀಡಿ ಹಚ್ಚವಲ್ಲ.

ಹೊತ್ತು ಮುಳುಗೂ ಮುಂದ ಈ ಹೆಬ್ಬಾತು ಸಾಲ್‌ಸಾಲಾಗಿ ಒದರಕೋತ ಏಳತಾವ. ಕ್ಯಾಮೆರಾದವರಿಗೆ ಅದ ದೊಡ್ಡ ಶಾಟ್, ಹೊಡಕೊಂಡು ಕಾರ್ ಹತ್ತಿ ಹೋಗಿಬಿಡತಾರ. ನೀ ಹೋಗಬ್ಯಾಡ. ಅವು ಎಲ್ಲಿಗೆ ಹೊಂಟಾವ? ಹೊಲಕ್ಕ. ಯಾರೋ ಸಾಲಾ ಮಾಡಿ ಬಿತ್ತಿದ ಕಡ್ಲಿ, ಶೇಂಗಾ ಮೇಯಾಕ. ನಿನಗ ಸಮಾಧಾನ ಕೊಟ್ಟ ಹಕ್ಕಿನ ಅಲ್ಲೊಬ್ಬಂವನ ನಿದ್ದಿ ಕೆಡಸತೈತಿ. ಕೆರಿ ನೋಡಿ ಬಂದು ಬರದ ಎಷ್ಟೋ ಹುಡುಗರ ಕವಿತಾ ನನಗ ಬಂದಾವ, ಎಲ್ಲಾದ್ರಾಗೂ ಹಕ್ಕಿ ಅದಾವ, ಒಂದರಾಗೂ ಆ ಹೊಲ ಇಲ್ಲ.

ನವೆಂಬರ್ ದಾಟ್ಲಿ, ಹೋಗು. ರೊಟ್ಟಿ ಬುತ್ತಿ ಕಟಗೊಂಡ ಹೋಗು, ವಾಪಸ್ ಬಸ್ ಎಷ್ಟಕ್ಕೈತಿ ಮೊದಲ ಕೇಳ್ಕೋ. ಬಂದ ಮ್ಯಾಲ ಬರದದ್ದೇನೂ ಕಳಸಬ್ಯಾಡ ಈಗ, ಆ ಹೊಲದಂವ ಏನಂದ ಅದನ್ನಷ್ಟು ಫೋನ್ ಮಾಡಿ ಹೇಳು.

ನಿನ್ನ ಕಾಕಾ