ನೊಣಗಳನ್ನು ಉಳಿಸಿಕೊಟ್ಟವರಿಗೆ

ಕಳೆದ ತಿಂಗಳ ಕೊನೆಯ ದಿನ ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಮಾತನಾಡಲು ನಿಂತಾಗ ಗಂಟಲು ಕಟ್ಟಿ, ನೆನೆಯಬೇಕಾದವರಲ್ಲಿ ಅರ್ಧದಷ್ಟು ಜನರನ್ನೂ ನೆನೆಯಲಾಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಅವರಲ್ಲಿ ಕೆಲವರು ಕೇಳಿಕೊಂಡಿದ್ದಾರೆ; ಆದ್ದರಿಂದ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಬಿಸಿ ತಗುಲಿದ ಜೀವಕೋಶ ಹೇಗೆ ಉಳಿದುಕೊಳ್ಳುತ್ತದೆ ಎಂಬುದು 31 ವರ್ಷ ನನ್ನನ್ನು ಹಿಡಿದಿಟ್ಟ ಪ್ರಶ್ನೆ. 25 ಡಿಗ್ರಿಯಲ್ಲಿ ಸುಖವಾಗಿರುವ ಹಣ್ಣುನೊಣದ ಹುಳುವನ್ನು 37 ಡಿಗ್ರಿಗೆ ಒಡ್ಡಿದರೆ, ಕೆಲವೇ ನಿಮಿಷಗಳಲ್ಲಿ ಅದರ ಲಾಲಾಗ್ರಂಥಿಯ ವರ್ಣತಂತುಗಳು ನಿರ್ದಿಷ್ಟ ಜಾಗಗಳಲ್ಲಿ ಉಬ್ಬಿಕೊಳ್ಳುತ್ತವೆ. ಆ ಉಬ್ಬುಗಳಲ್ಲಿರುವ ವಂಶವಾಹಿಗಳು ಎಚ್ಚೆತ್ತು ಶಾಖಾಘಾತ ಪ್ರೋಟೀನುಗಳನ್ನು ತಯಾರಿಸಲು ತೊಡಗುತ್ತವೆ. ಬಿಸಿಗೆ ಆಕಾರ ಕೆಟ್ಟ ಬೇರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ನೋಡಿಕೊಳ್ಳುವುದು ಇವುಗಳ ಮುಖ್ಯ ಕೆಲಸ. ಆ ಗ್ರಂಥಿಯ ಕೋಶಗಳು ವಿಭಜನೆಯಾಗದೆಯೇ ಡಿಎನ್‌ಎಯನ್ನು ಮತ್ತೆ ಮತ್ತೆ ಇಮ್ಮಡಿಸಿಕೊಳ್ಳುವುದರಿಂದ ಸಾವಿರಕ್ಕೂ ಹೆಚ್ಚು ಎಳೆಗಳು ಒಟ್ಟುಗೂಡಿ, ವರ್ಣತಂತುಗಳು ಸಾಧಾರಣ ಸೂಕ್ಷ್ಮದರ್ಶಕಕ್ಕೂ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ದುಬಾರಿ ಉಪಕರಣವಿಲ್ಲದ ಕಾಲೇಜಿನಲ್ಲಿ ಕುಳಿತು ನಾನು ಸಂಶೋಧನೆ ಮಾಡಲು ಸಾಧ್ಯವಾದದ್ದೇ ಅದರಿಂದ.

ಆ ಗ್ರಂಥಿಯನ್ನು ಹೊರತೆಗೆಯುವುದನ್ನು ನನಗೆ ಕಲಿಸಿದವರು ಮಾನಸಗಂಗೋತ್ರಿಯ ನನ್ನ ಗುರುಗಳು. ಒಂದು ಸೂಜಿಯಿಂದ ಹುಳುವಿನ ಮೈಯನ್ನು ಹಿಡಿದು, ಇನ್ನೊಂದರಿಂದ ಬಾಯಿಯ ಕೊಕ್ಕೆಯನ್ನು ಮೆಲ್ಲನೆ ಎಳೆದರೆ ಜೋಡಿ ಗ್ರಂಥಿಗಳು ಗಾಜಿನಂತೆ ಹೊಳೆಯುತ್ತಾ ಹೊರಬರುತ್ತವೆ ಎಂದು ಹೇಳುವುದು ಸುಲಭ. ನನಗೆ ಮೂರು ವಾರ ಬರೀ ಕೊಬ್ಬಿನ ತುಣುಕುಗಳೇ ಬಂದವು. ಬಣ್ಣ ಹಾಕಿದ ಮೇಲೆ ಗಾಜಿನ ಹಾಳೆಯನ್ನು ಹೆಬ್ಬೆರಳಿನಿಂದ ಎಷ್ಟು ಒತ್ತಬೇಕೆಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಗುರುಗಳು ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒತ್ತಿ ತೋರಿಸಿದ್ದರು.

ಹಣ್ಣುನೊಣದ ತಳಿಗಳನ್ನು ಬ್ಯಾಕ್ಟೀರಿಯಾದಂತೆ ಫ್ರೀಜರಿನಲ್ಲಿಟ್ಟು ಮರೆತುಬಿಡಲು ನಮ್ಮಲ್ಲಿ ಆಗುತ್ತಿರಲಿಲ್ಲ. ಎರಡು ಮೂರು ವಾರಗಳಿಗೊಮ್ಮೆ ಹೊಸ ಆಹಾರದ ಬಾಟಲಿಗೆ ವರ್ಗಾಯಿಸಲೇಬೇಕು; ದಸರಾ ರಜೆ, ಮದುವೆ, ಸೂತಕ ಯಾವುದೂ ಅವಕ್ಕೆ ತಿಳಿಯದು. ಆಹಾರವೆಂದರೆ ರವೆ, ಬೆಲ್ಲ, ಅಗರ್, ಬೂಷ್ಟು ಬರದಂತೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ, ಮೇಲೊಂದು ಹನಿ ಯೀಸ್ಟ್. ಬೆಲ್ಲದ ಗುಣ ಬದಲಾದರೆ ಹುಳುಗಳ ಬೆಳವಣಿಗೆಯೂ ಏರುಪೇರಾಗಿ, ಹೋಲಿಕೆ ಕಷ್ಟವಾಗುತ್ತದೆ. ಮಂಡ್ಯದ ನಮ್ಮೂರಿನ ಆಲೆಮನೆಯಿಂದ ನನ್ನ ಅಣ್ಣ ಬಿಳುಪಿಗೆಂದು ಔಷಧಿ ಬೆರೆಸದ ಕಪ್ಪು ಬೆಲ್ಲವನ್ನೇ ವರ್ಷವರ್ಷವೂ ಕಟ್ಟಿಕೊಟ್ಟ. 'ಎಷ್ಟು ಬೆಲ್ಲ ಕೊಟ್ಟರೂ ನಿನ್ನ ನೊಣ ದಪ್ಪವಾಗಲಿಲ್ಲವಲ್ಲ' ಎಂದು ನಗುತ್ತಿದ್ದ ಅವನು, ಒಮ್ಮೆಯೂ ದುಡ್ಡು ತೆಗೆದುಕೊಳ್ಳಲಿಲ್ಲ.

2007ರ ಮೇ ತಿಂಗಳಲ್ಲಿ, ಎರಡನೇ ಶನಿವಾರ ಮತ್ತು ಭಾನುವಾರ ಬಾಗಿಲು ಮುಚ್ಚಿದ್ದಾಗ, ನಮ್ಮ ಇನ್‌ಕ್ಯುಬೇಟರಿನ ನಿಯಂತ್ರಕ ಕೆಟ್ಟು ಒಳಗಿನ ಬಿಸಿ 40 ಡಿಗ್ರಿ ದಾಟಿತು. ಸೋಮವಾರ ಬಾಗಿಲು ತೆರೆದಾಗ ಒಂದು ನೊಣವೂ ಬದುಕಿರಲಿಲ್ಲ. ಇಟಲಿಯ ಫೆರುಚಿಯೊ ರಿಟೋಸಾ ಅವರ ಪ್ರಯೋಗಾಲಯದಲ್ಲೂ ಯಾರೋ ಇನ್‌ಕ್ಯುಬೇಟರಿನ ಬಿಸಿ ಹೆಚ್ಚಿಸಿದ್ದರಿಂದಲೇ ಈ ಉಬ್ಬುಗಳು ಮೊದಲು ಕಣ್ಣಿಗೆ ಬಿದ್ದು, 1962ರಲ್ಲಿ ಪ್ರಕಟವಾದವು. ಅವರಿಗೆ ಹೊಸ ವಿಷಯ ಕೊಟ್ಟ ಅದೇ ಅವಘಡ ನನಗೆ ಸತ್ತ ನೊಣಗಳನ್ನು ಕೊಟ್ಟಿತೆಂದು ಈಗ ತಮಾಷೆ ಮಾಡಬಲ್ಲೆ. ಅಂದು ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದೆ. ಮಾನಸಗಂಗೋತ್ರಿಯ ಡ್ರೊಸೊಫಿಲಾ, ಅಂದರೆ ಹಣ್ಣುನೊಣದ, ತಳಿ ಸಂಗ್ರಹ ಕೇಂದ್ರದವರು ಒಂದು ಮಾತೂ ಆಡದೆ ಮೂಲ ತಳಿಗಳನ್ನು ಮತ್ತೆ ಕೊಟ್ಟರು. ನಾವೇ ಬೆಳೆಸಿದ್ದ ತಳಿಗಳು ಮಾತ್ರ ಹೋದದ್ದು ಹೋದವೇ. ಅವನ್ನು ಮತ್ತೆ ಕಟ್ಟಲು, ತನ್ನ ಪ್ರಬಂಧವನ್ನು ಎರಡು ವರ್ಷ ಮುಂದಕ್ಕೆ ಹಾಕಿಕೊಂಡ ವಿದ್ಯಾರ್ಥಿನಿಯ ಋಣ ನನ್ನ ಮೇಲಿದೆ.

2020ರ ಲಾಕ್‌ಡೌನಿನಲ್ಲಿ ನಮ್ಮ ಪ್ರಯೋಗಾಲಯದ ಸಹಾಯಕರು ಬಾಟಲಿಗಳನ್ನೆಲ್ಲ ಎರಡು ಪೆಟ್ಟಿಗೆಗೆ ತುಂಬಿ, ಕುವೆಂಪುನಗರದ ನಮ್ಮ ಮನೆಗೆ ಸೈಕಲ್ಲಿನಲ್ಲಿ ತಂದಿಳಿಸಿದರು. ನಮ್ಮ ಯಜಮಾನರು ಅಡುಗೆಮನೆಯಲ್ಲೇ ನೊಣದ ಆಹಾರ ಕುದಿಸಿದರು. ಆಮ್ಲದ ಘಾಟಿಗೆ ಮೂಗು ಮುಚ್ಚಿಕೊಂಡ ಅತ್ತೆಯವರು, 'ಕೇಸರಿಬಾತಿನ ವಾಸನೆ ಬಂದು ಆಸೆಯಾಗುವಷ್ಟರಲ್ಲಿ ಹೀಗೆ ಮಾಡುತ್ತೀರಲ್ಲ' ಎಂದು ಗೊಣಗಿದರೂ, ಸೆಕೆ ಏರಿದ ಮಧ್ಯಾಹ್ನಗಳಲ್ಲಿ ಬಾಟಲಿಗಳ ಸುತ್ತ ಒದ್ದೆ ಬಟ್ಟೆ ಸುತ್ತಿದವರು ಅವರೇ. ನಮ್ಮ ಬರಹಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಅನುದಾನ ಕೊಟ್ಟವರ ಹೆಸರಿರುತ್ತದೆ. ಇವರ ಹೆಸರು ಯಾವುದರಲ್ಲೂ ಬರಲಿಲ್ಲ. ಅದು ನನ್ನದೇ ತಪ್ಪು.

ತಳಿಗಳನ್ನು ಈಗ ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಹಂಚಿದ್ದೇನೆ. ಒಬ್ಬಳು ಮೊನ್ನೆ ಕರೆ ಮಾಡಿ, ನೊಣಗಳ ಬಗ್ಗೆ ಏನೂ ಕೇಳದೆ, ಅಣ್ಣನ ಆಲೆಮನೆ ಈ ವರ್ಷ ಯಾವಾಗ ಶುರುವಾಗುತ್ತದೆ ಎಂದು ವಿಚಾರಿಸಿದಳು.