ನಿನ್ನ ಲಯ ತಪ್ಪಿರಲಿಲ್ಲ, ಮಗಳೇ

ಬಳ್ಳಾರಿ
ಭಾನುವಾರ ರಾತ್ರಿ

ಮಗಳೇ,

ಹಂಪಿ ಎಕ್ಸ್‌ಪ್ರೆಸ್ ಹೊರಟ ಮೇಲೂ ನಾನು ಸ್ವಲ್ಪ ಹೊತ್ತು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದೆ. ಕಿಟಕಿಯಿಂದ ನಿಮ್ಮಮ್ಮನಿಗೆ ಕೈ ಮಾಡಿದೆ, ನನಗೆ ಮಾಡಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ರೆಕಾರ್ಡಿಂಗ್ ಕೇಳುತ್ತ ನಿನ್ನ ಲಯ ತಪ್ಪಿದೆ ಅಂತ ಕೂಗಿದವನು ನಾನು. ಫೋನಿನಲ್ಲಿ ಹೇಳೋಣ ಅಂದರೆ ನಡುವೆ ದನಿ ಏರಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ಓದು. ನಿನ್ನ ಲಯ ತಪ್ಪಿರಲಿಲ್ಲ.

ನೀನು ಹೋದ ಮರುದಿನ ಬೆಳಿಗ್ಗೆ ನಿನ್ನ ಹಳೇ ಲ್ಯಾಪ್‌ಟಾಪ್ ತೆಗೆದು ನಾನು ನುಡಿಸುವ ಕೀಬೋರ್ಡ್ ಪಕ್ಕ ಇಟ್ಟೆ. ಎರಡರಲ್ಲೂ ಟೆಂಪೊ 100, ಅಂದರೆ ನಿಮಿಷಕ್ಕೆ ನೂರು ಮಾತ್ರೆ. ಹಾಡಿಲ್ಲ, ಬರೀ ಕ್ಲಿಕ್. ಒಂದು ಕಿವಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಾಕಿಕೊಂಡು ಕೂತೆ. ಮೊದಲ ನಿಮಿಷ ಎರಡೂ ಒಂದೇ. ಎರಡನೇ ನಿಮಿಷಕ್ಕೆ ಟಿಕ್ ಅನ್ನುವುದು ಸ್ವಲ್ಪ ದಪ್ಪ ಆಯಿತು. ನಾಲ್ಕನೇ ನಿಮಿಷಕ್ಕೆ ಟಿ-ಟಿಕ್, ಟಿ-ಟಿಕ್. ಅವು ಎರಡು ಬೇರೆ ಗಡಿಯಾರಗಳು. ಒಂದರ ನೂರು ಇನ್ನೊಂದಕ್ಕೆ 99.95 ಆದರೂ ಸಾಕು, ನಾಲ್ಕು ನಿಮಿಷಕ್ಕೆ 120 ಮಿಲಿಸೆಕೆಂಡು ಅಂತರ ಬೀಳುತ್ತದೆ. ಆ ಟೆಂಪೊದಲ್ಲಿ ಒಂದು ಮಾತ್ರೆಗೆ 600 ಮಿಲಿಸೆಕೆಂಡು. ಅಂದರೆ ಐದರಲ್ಲಿ ಒಂದು ಪಾಲು. ನೀನು ಲ್ಯಾಪ್‌ಟಾಪಿನ ಕ್ಲಿಕ್ ಕೇಳಿಕೊಂಡು ಹಾಡಿದೆ, ಸರಿಯಾಗೇ ಹಾಡಿದೆ. ನಾನು ಕೀಬೋರ್ಡಿನ ಸೀಕ್ವೆನ್ಸರ್, ಅಂದರೆ ನುಡಿಸಿದ್ದನ್ನು ನೆನಪಿಟ್ಟು ಮತ್ತೆ ನುಡಿಸುವ ಭಾಗ, ಅದರಷ್ಟಕ್ಕೆ ಓಡಿಸಿ, ಆ ತಾಳ ತಂದು ನಿನ್ನ ದನಿಯ ಕೆಳಗೆ ಇಟ್ಟೆ. ಎರಡನೇ ಚರಣಕ್ಕೆ ಎರಡೂ ಬಿಟ್ಟುಕೊಂಡವು. ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವನು ಮೊದಲು ವೈರು ನೋಡಬೇಕಿತ್ತು. ನಾನು ಮಗಳ ಮುಖ ನೋಡಿ ಕೂಗಿದೆ.

ಕ್ಷಮಿಸು.

ಆಮೇಲೆ ಎರಡೂ ಮಷೀನು ಮಾತಾಡಿಕೊಳ್ಳುವ ಹಾಗೆ ಒಂದು ಮಿಡಿ ಕೇಬಲ್ ಹಾಕಿ, ಕೀಬೋರ್ಡಿನ ಕ್ಲಾಕನ್ನು ಇಂಟರ್ನಲ್‌ನಿಂದ ಎಕ್ಸ್‌ಟರ್ನಲ್‌ಗೆ ತಿರುಗಿಸಿದೆ. ಈಗ ಲ್ಯಾಪ್‌ಟಾಪ್ ಹೇಳುತ್ತದೆ, ಕೀಬೋರ್ಡ್ ಕೇಳುತ್ತದೆ. ಮಾತ್ರೆಗೆ 24 ಸಲ ಹೇಳುತ್ತದೆ, ನೂರರ ಟೆಂಪೊದಲ್ಲಿ ಪ್ರತಿ 25 ಮಿಲಿಸೆಕೆಂಡಿಗೆ ಒಂದು ಸಲ. ಹೀಗೆ ಕಟ್ಟಿದ ಮೇಲೆ ಪೂರ್ತಿ ಹಾಡು ಓಡಿಸಿದೆ. ಕೊನೆಯ ಪಲ್ಲವಿಯವರೆಗೂ ನಿನ್ನ ದನಿ ತಾಳದ ಮೇಲೆ ಕೂತಿತ್ತು. ಮೂರನೇ ಚರಣದ ಎತ್ತರದ ಸಾಲು ಎಷ್ಟು ಚೆನ್ನಾಗಿ ಹಿಡಿದಿದ್ದೀಯ! ಅವತ್ತು ನನಗೆ ಕೇಳಿಸಿಯೇ ಇರಲಿಲ್ಲ.

ನಿನ್ನ ಹೊಸ ಕೆಲಸದ ಸ್ಟುಡಿಯೊದಲ್ಲೂ ಇದನ್ನು ನೆನಪಿಡು. ಎಷ್ಟೇ ಮಷೀನಿದ್ದರೂ ಯಜಮಾನ ಗಡಿಯಾರ ಒಂದೇ ಇರಬೇಕು. ಲ್ಯಾಪ್‌ಟಾಪಿಗೆ ನೋಟು ಕಳಿಸುವಾಗ ಕೀಬೋರ್ಡಿನ ಲೋಕಲ್ (ಒತ್ತಿದ ನೋಟನ್ನು ತಾನೇ ನುಡಿಸುವುದು) ಆಫ್ ಮಾಡು, ಇಲ್ಲದಿದ್ದರೆ ಒಂದೇ ನೋಟು ಎರಡು ಸಲ ನುಡಿದು ದನಿ ಒಡೆದ ಹಾಗೆ ಕೇಳುತ್ತದೆ. ಒಂದು ಬಾರಿಗೆ, ಅಂದರೆ ಒಂದು ಆವರ್ತಕ್ಕೆ, ಎಷ್ಟು ಮಾತ್ರೆ ಅನ್ನುವ ಮೀಟರ್ ಮೊದಲೇ ಹಾಕಿಕೋ. ಹಿಂದೂಸ್ತಾನಿ ರೂಪಕ ತಾಳದ ಏಳು ಮಾತ್ರೆಯ ಹಾಡನ್ನು ನಾಲ್ಕರಲ್ಲಿ ಹಿಡಿದು ಆಮೇಲೆ ಸರಿಮಾಡೋಣ ಅಂದರೆ ಆಗುವುದಿಲ್ಲ, ಬಾರ್ ಗೆರೆ ಎಲ್ಲೆಲ್ಲೋ ಬೀಳುತ್ತದೆ. ಶುರುವಿಗೆ ಎರಡು ಬಾರ್ ಎಣಿಕೆ ಬಿಡು, ಹಾಡುವವರಿಗೆ ಉಸಿರು ತೆಗೆದುಕೊಳ್ಳಲು ಸಮಯ ಬೇಕು. ಇದೆಲ್ಲ ನಿನಗೆ ಗೊತ್ತಿದೆ. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಅವತ್ತು ತಾತನ ಫ್ಲಾಪಿ ಹಾಕಿ ಕೇಳಿದೆಯಲ್ಲ, "ಇದು ಮಷೀನು ನುಡಿಸಿದ ಹಾಗಿದೆ, ತಾತ ಹೀಗೇ ನುಡಿಸುತ್ತಿದ್ದರಾ?" ಅಂತ. ನಾನು ಉತ್ತರ ಕೊಡದೆ ಹೊರಗೆ ಹೋದೆ. ನೀನು ಅದನ್ನು ಸಿಟ್ಟು ಅಂದುಕೊಂಡಿರಬೇಕು.

ತಾತ ಹಾಗೆ ನುಡಿಸುತ್ತಿರಲಿಲ್ಲ.

ಅದು 2006ರ ಬೇಸಿಗೆ. ನಿನಗೆ ನಾಲ್ಕು ವರ್ಷ, ತಾತನಿಗೆ ಎಪ್ಪತ್ತು. ನಾಟಕ ಕಂಪನಿ ಬಿಟ್ಟು ತುಂಬಾ ವರ್ಷ ಆಗಿತ್ತು. 1946ರಲ್ಲಿ ರಂಗನಟ ಬಳ್ಳಾರಿ ರಾಘವ ತೀರಿಕೊಂಡಾಗ ತಾತ ಹತ್ತು ವರ್ಷದ ಹುಡುಗ. ಅದಕ್ಕೂ ಮುಂಚೆ ಅವರನ್ನು ಒಮ್ಮೆ ದೂರದಿಂದ ನೋಡಿದ್ದನ್ನು ಕಡೆಯವರೆಗೂ ಹೇಳಿಕೊಳ್ಳುತ್ತಿದ್ದರು. ಬನಶಂಕರಿ ಜಾತ್ರೆಯ ಕ್ಯಾಂಪಿನಲ್ಲಿ ರಾತ್ರಿಯಿಡೀ ಲೆಗ್ ಹಾರ್ಮೋನಿಯಂ ತುಳಿದವರು ಅವರು. ಪೇಟಿ ಮಾಸ್ತರಿಗೆ ಮುಂದೆ ಕ್ಲಿಕ್ ಇರುವುದಿಲ್ಲ, ಪಾತ್ರಧಾರಿಯ ಬಾಯಿ ಇರುತ್ತದೆ. ಅವನು ಪದ ಎಳೆದರೆ ಮಾಸ್ತರು ಕಾಯಬೇಕು. ಉಸಿರು ಸಾಲದೆ ಬೇಗ ಬಿಟ್ಟರೆ ಅಷ್ಟೇ ಬೇಗ ಬಂದು ಎತ್ತಿಕೊಳ್ಳಬೇಕು.

ಅವರ ಒಂದು ರಂಗಗೀತೆ ಹಿಡಿದಿಡಬೇಕು ಅಂತ ನನಗೆ ಆಸೆ. ಕೀಬೋರ್ಡ್ ಮುಂದೆ ಕೂರಿಸಿದೆ. "ಇದು ಶಬ್ದ ಹಿಡಿಯೋದಿಲ್ಲಪ್ಪ, ನಿನ್ನ ಬೆರಳು ಹಿಡಿಯುತ್ತೆ. ಯಾವ ಕೀ, ಯಾವ ಹೊತ್ತಿಗೆ, ಎಷ್ಟು ಜೋರಾಗಿ ಒತ್ತಿದೆ ಅಂತ ಬರೆದಿಟ್ಟುಕೊಳ್ಳುತ್ತೆ" ಅಂದೆ. ಕ್ಲಿಕ್ ಶುರುವಾಯಿತು. ತಾತ ಕೈ ಎತ್ತಿ ಕೂತೇ ಇದ್ದರು.

"ಈ ಟಿಕ್ ಟಿಕ್ ಯಾರ ಬಾಯಿ ನೋಡಿ ಹೊಡಿತೈತಿ?"

"ಯಾರದ್ದೂ ಇಲ್ಲಪ್ಪ."

"ಬಾಯಿ ನೋಡದಂಗ ಪೇಟಿ ಹೆಂಗ್ ನುಡಿಸ್ಲಿ?"

ಆಗ ನಿನ್ನನ್ನು ಎದುರಿಗೆ ನಿಲ್ಲಿಸಿದರು. ಆ ಹಾಡು ನಿನಗೆ ಬಾಯಿಪಾಠ ಇತ್ತು, ಅವರೇ ಕಲಿಸಿದ್ದರು. ನೀನು ಲಂಗ ಹಿಡಿದುಕೊಂಡು ಹಾಡಿದೆ, ಅವರು ನಿನ್ನ ಬಾಯಿ ನೋಡುತ್ತ ನುಡಿಸಿದರು. ಕ್ಲಿಕ್ ಸಣ್ಣಗೆ ಕೇಳುತ್ತಿತ್ತು, ತಾತ ಆವರ್ತಕ್ಕೊಮ್ಮೆ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಅದರ ಹತ್ತಿರ ಬರುತ್ತಿದ್ದರು. ನೀನು ಬೇಕಾದಲ್ಲಿ ಬೇಡವಾದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ, ಅವರು ಅಲ್ಲೆಲ್ಲ ನಿಂತು ಕಾಯುತ್ತಿದ್ದರು. ಕೀಬೋರ್ಡಿಗೆ ಗಾಳಿ ಬೇಡ ಅಂದರೂ ಕಾಲು ಸುಮ್ಮನಿರಲಿಲ್ಲ. ನೆಲಕ್ಕೆ ಬಡಿಯುವುದು ಬೇಡ ಅಂತ ನಾನು ದನಿ ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಕಾಲಡಿಗೆ ಸರಿಸಿದೆ. ಹಾಡು ಮುಗಿಯುವವರೆಗೂ ಅದನ್ನು ತುಳಿದರು. ಕರೆಂಟ್ ಹೋದರೆ ಎಲ್ಲ ಅಳಿಸುತ್ತಿತ್ತು, ಆ ಕೀಬೋರ್ಡಿನ ಮೆಮೊರಿ ಹಾಗಿತ್ತು. ತಕ್ಷಣ ಫ್ಲಾಪಿಗೆ ಹಾಕಿದೆ.

ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು.

ಮರುದಿನ ನಮ್ಮ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುವವನಿಗೆ ಕೇಳಿಸಿದೆ. "ನಿಮ್ಮಪ್ಪಂಗೆ ವಯಸ್ಸಾಯ್ತು, ತಾಳ ಜಾರ್ತೈತಲ್ಲ" ಅಂದ. ಅವನು ಕೆಟ್ಟದಾಗಿ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದ. ನನಗೆ ಮಾತ್ರ ಮೈ ಉರಿಯಿತು. ನನ್ನಪ್ಪನ ತಾಳ ಜಾರುತ್ತದೆ ಅಂತ ಯಾರೂ ಹೇಳಬಾರದು ಅಂತ ಹಟ ಬಂತು. ರಾತ್ರಿ ಕೂತು ಕ್ವಾಂಟೈಸ್ ಮಾಡಿದೆ. ಹದಿನಾರರ ಗೆರೆ ಹಾಕಿದೆ. ಅಂದರೆ 150 ಮಿಲಿಸೆಕೆಂಡಿಗೆ ಒಂದು ಗೆರೆ, ಪ್ರತಿ ನೋಟೂ ಹತ್ತಿರದ ಗೆರೆಗೆ ಹೋಗಿ ಅಂಟಿಕೊಳ್ಳಬೇಕು. ಸಮದ ಮೇಲೆ ಅವರು ತಡೆದು ಬೀಳುತ್ತಿದ್ದದ್ದು ಹೋಯಿತು. ನಿನ್ನ ಉಸಿರಿಗೆ ಕಾದದ್ದು ಹೋಯಿತು. ಕೇಳಿದಾಗ ನನಗೆ ಶುದ್ಧವಾಗಿದೆ ಅನಿಸಿತು, ಖುಷಿಯೂ ಆಯಿತು. ಸೇವ್ ಒತ್ತಿದೆ. ಅದೇ ಹೆಸರಿನ ಫೈಲು ಇದೆ, ಓವರ್‌ರೈಟ್ ಮಾಡಲಾ ಅಂತ ಕೇಳಿತು. ಎಸ್ ಒತ್ತಿದೆ. ಸ್ವಿಚ್ ಆಫ್ ಮಾಡಿ ಮಲಗಿದೆ. ಆ ಎಸ್ ಬಟನ್ನು ಬಲಗಡೆ ಕೆಳಗಿನ ಸಾಲಿನಲ್ಲಿತ್ತು. ಈಗಲೂ ಬೆರಳಿಗೆ ನೆನಪಿದೆ.

ಬೆಳಿಗ್ಗೆ ತಾತನಿಗೆ ಕೇಳಿಸಿದೆ. ಚಹಾ ಕುಡಿಯುತ್ತ ಪೂರ್ತಿ ಕೇಳಿದರು.

"ಚಲೋ ಐತಿ. ಯಾರು ನುಡಿಸಿದ್ದು?"

"ನೀನೇ ಅಪ್ಪ."

"ಹೌದಾ?" ಅಂದರು. ಅಷ್ಟೇ. ಲೋಟ ತೆಗೆದುಕೊಂಡು ಒಳಗೆ ಹೋದರು. ಆಮೇಲೆ ಕೀಬೋರ್ಡ್ ಮುಂದೆ ಕೂರಲಿಲ್ಲ. ನಾನು ಎರಡು ಮೂರು ಸಲ ಕರೆದೆ. ಕಣ್ಣು ಕಾಣಿಸೋದಿಲ್ಲ ಅಂದರು, ಬೆನ್ನು ನೋವು ಅಂದರು. ಮುಂದಿನ ವರ್ಷ ಮಳೆಗಾಲಕ್ಕೆ ಹೋದರು.

ನಾನು ಅದನ್ನು ಮರೆವು ಅಂದುಕೊಂಡಿದ್ದೆ, ಮಗಳೇ. ವಯಸ್ಸಾಗಿದೆ, ತಾನು ನುಡಿಸಿದ್ದೇ ನೆನಪಿಲ್ಲ ಅಂದುಕೊಂಡೆ. ಹಾಗಂತ ಹತ್ತು ಜನರ ಹತ್ತಿರ ಹೇಳಿಯೂ ಇದ್ದೇನೆ. ಎಷ್ಟೋ ವರ್ಷ ಆದ ಮೇಲೆ ಕುಡಿತಿನಿ ಹತ್ತಿರ ಒಂದು ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಬರುವಾಗ ತಟ್ಟನೆ ಗೊತ್ತಾಯಿತು. ಅವರಿಗೆ ಎಲ್ಲ ನೆನಪಿತ್ತು. ಅದು ತನ್ನದಲ್ಲ ಅಂತ ಅವರ ಕಿವಿಗೆ ತಿಳಿದಿತ್ತು. ನನಗೆ ನೋವಾಗಬಾರದು ಅಂತ ಜಾಸ್ತಿ ಏನೂ ಹೇಳಲಿಲ್ಲ. ವ್ಯಾನಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರು. ನಾನು ಮನೆ ತಲುಪುವವರೆಗೂ "ಯಾರು ನುಡಿಸಿದ್ದು" ಅನ್ನುವುದನ್ನೇ ಕೇಳಿಕೊಂಡು ಬಂದೆ. ನಿಮ್ಮಮ್ಮನಿಗೂ ಇದನ್ನು ಹೇಳಿಲ್ಲ.

ಅದಕ್ಕೇ ನೀನು ಕೇಳಿದಾಗ ಎದ್ದು ಹೋದೆ. ಅದೇ ಪ್ರಶ್ನೆ, ಅದೇ ಕೋಣೆ.

ಈಗ ಸ್ಟುಡಿಯೊದಲ್ಲಿ ನಿನ್ನ ಮುಂದೆ ದಿನಾ ಬೇರೆಯವರ ದನಿ, ಬೇರೆಯವರ ಬೆರಳು ಇರುತ್ತವೆ. ಯಾರದ್ದೇ ಆಗಲಿ, ಮೊದಲು ಕಾಪಿ ತೆಗೆ. ಹೆಸರಿನ ಮುಂದೆ ನಂಬರು ಹಾಕು. ಮೂಲ ಮುಟ್ಟಬೇಡ. ದೊಡ್ಡವರು ಅರ್ಜೆಂಟ್ ಮಾಡಿದರೂ ಸರಿ, ಬೈದರೂ ಸರಿ. ಹಾಡಿದವರನ್ನು ಕೇಳದೆ ಅವರ ತಾಳ ನೇರ ಮಾಡಬೇಡ. ಕ್ವಾಂಟೈಸ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ, ಡ್ಯಾನ್ಸ್ ಹಾಡಿಗೆ ಬೇಕು, ಬೇಸ್ ಗಿಟಾರಿಗೆ ಎಷ್ಟೋ ಸಲ ಬೇಕು. ಶೇಕಡಾ ಐವತ್ತು ಹಾಕಿದರೆ ಅರ್ಧ ದಾರಿಯಷ್ಟೇ ಸರಿಯುತ್ತದೆ, ಅದನ್ನಾದರೂ ಮೊದಲು ಪ್ರಯತ್ನ ಮಾಡು. ಮತ್ತೆ ರಾತ್ರಿ ರೆಕಾರ್ಡಿಂಗ್ ತಡವಾದರೆ ಒಬ್ಬಳೇ ಬರಬೇಡ. ಪಿಜಿಯಲ್ಲಿ ಊಟ ಸೇರದಿದ್ದರೆ ಹೇಳು, ಇಲ್ಲಿಂದ ಜೋಳದ ರೊಟ್ಟಿ ಕಳಿಸುತ್ತೇವೆ. ಯಾರ ಶಿಫಾರಸೂ ಇಲ್ಲದೆ ನಿನ್ನ ಕಿವಿಯ ಮೇಲೆ ಈ ಕೆಲಸ ತಗೊಂಡೆ. ರಾಯಲ್ ಸರ್ಕಲ್ಲಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ನಿನಗೇ ಒಂದು ಸಲವೂ ಹೇಳಿರಲಿಲ್ಲ.

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಫ್ಲಾಪಿ ಹಾಕಿ, ಹಿಡಿದದ್ದನ್ನೆಲ್ಲ ಒಂದೊಂದು ಸಾಲಾಗಿ ತೋರಿಸುವ ಇವೆಂಟ್ ಲಿಸ್ಟ್ ತೆರೆದೆ. ಈ ಸೀಕ್ವೆನ್ಸರ್ ಒಂದು ಮಾತ್ರೆಯನ್ನು 96 ಪಾಲು ಮಾಡುತ್ತದೆ. ತಾತನ ನೋಟುಗಳೆಲ್ಲ 00, 24, 48, 72. ಸಾಲಾಗಿ ಕೂರಿಸಿದ ಹಾಗೆ. ಎಷ್ಟು ಜೋರಾಗಿ ಒತ್ತಿದರು ಅನ್ನುವ ಅಂಕಿ ಮಾತ್ರ ಹಾಗೇ ಇದೆ, 61, 88, 74, 90. ಅದನ್ನೇ ನೋಡುತ್ತ ಕೆಳಗೆ ಇಳಿದೆ. ನೋಟುಗಳ ನಡುವೆ ಬೇರೆ ಸಾಲುಗಳು ಬಂದವು. ಕಂಟ್ರೋಲ್ 11. ಅವು ಗೆರೆಯ ಮೇಲೆ ಇರಲಿಲ್ಲ. 07, 31, 58, 83.

ಪೆಡಲ್, ಮಗಳೇ. ಅವತ್ತು ಕ್ವಾಂಟೈಸ್ ಸರಿಸಿದ್ದು ನೋಟುಗಳನ್ನು ಮಾತ್ರ. ಕಾಲಿನದನ್ನು ಮುಟ್ಟಿಲ್ಲ. ಹತ್ತೊಂಬತ್ತು ವರ್ಷ ಅದು ಆ ಫ್ಲಾಪಿಯಲ್ಲಿ ಇದ್ದಲ್ಲೇ ಇತ್ತು.

ಒಂದು ಕಾಪಿ ಮಾಡಿಕೊಂಡೆ, ಬೇರೆ ಹೆಸರಿನಲ್ಲಿ. ಎರಡು ಸಲ ಹೆಸರು ನೋಡಿಕೊಂಡೆ. ಆ ಕಾಪಿಯಿಂದ ನೋಟುಗಳನ್ನೆಲ್ಲ ಅಳಿಸಿ ಪೆಡಲ್ ಒಂದನ್ನೇ ಉಳಿಸಿದೆ. ಅದೇ ಚಾನೆಲ್ಲಿನಲ್ಲಿ ಹಾರ್ಮೋನಿಯಂ ದನಿ ಇಟ್ಟು, ಪ್ಲೇ ಒತ್ತಿ, ತಾತನ ಸ ಹಿಡಿದೆ. ನನ್ನ ಬೆರಳು ಅಲ್ಲಾಡಲಿಲ್ಲ. ದನಿ ತಾನೇ ಏರಿತು, ಇಳಿಯಿತು, ಮತ್ತೆ ಏರಿತು. ಒಂಬತ್ತನೇ ಆವರ್ತದಲ್ಲಿ ಕಾಲು ನಿಂತುಬಿಡುತ್ತದೆ, ಒಂದು ಮಾತ್ರೆಗಿಂತ ಸ್ವಲ್ಪ ಹೆಚ್ಚು. ಆಮೇಲೆ ಜೋರಾಗಿ ಒಮ್ಮೆ ತುಳಿಯುತ್ತಾರೆ. ಪಲ್ಲವಿಯ ಎರಡನೇ ಸಾಲಿಗೆ ಮುಂಚೆ ನೀನು ಅಲ್ಲಿ ಉಸಿರು ತೆಗೆದುಕೊಂಡಿರಬೇಕು. ನಾಲ್ಕು ನಿಮಿಷವೂ ಬೆರಳು ಎತ್ತದೆ ಕೂತಿದ್ದೆ.

ಎರಡೂ ಫೈಲು ನಿನಗೆ ಮೇಲ್ ಮಾಡಿದ್ದೇನೆ. ನಿನ್ನ ಹತ್ತಿರ ದೊಡ್ಡ ಸ್ಕ್ರೀನಿದೆ, ನನಗಿಂತ ಒಳ್ಳೆಯ ಕಿವಿಯಿದೆ. ನೋಟುಗಳನ್ನು ಕಾಲಿನ ಹತ್ತಿರ ಸರಿಸಿ ನೋಡಬೇಕು ಅನಿಸಿದರೆ ನೋಡು, ಬೇಡ ಅನಿಸಿದರೆ ಹಾಗೇ ಇರಲಿ. ಮೊದಲು ಕಾಲಿನದನ್ನು ಒಂದೇ ಹಾಕಿ ಕೇಳು. ಟೆಂಪೊ 100, ಏಳು ಮಾತ್ರೆ. ಸ ಎರಡನೇ ಕಪ್ಪು ಕೀ.

ನಿನ್ನ
ಅಪ್ಪ