ಜೀವಂತ ಬೆರಳಿಗಷ್ಟೇ ಒಗ್ಗುವ ಸ್ಕ್ಯಾನರ್: ಬದಲಿ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ಮಾರಾಟೋತ್ತರ ಸೇವಾ ವಿಭಾಗ

ವಿಷಯ: ವಿಪತ್ತಿನಲ್ಲಿ ಮೃತಪಟ್ಟವರ ಗುರುತು ಪತ್ತೆಗೆ ನೀವು ಪೂರೈಸಿದ ಬೆರಳಚ್ಚು ಕಿಟ್‌ನ ದೋಷಗಳು

ಮಾನ್ಯರೇ,

ನಿಮ್ಮ ಕರಪತ್ರದಲ್ಲಿ ಈ ಕಿಟ್ ಶವಗಳ ಬೆರಳಚ್ಚಿಗೆ ಸೂಕ್ತ ಎಂದಿದೆ. ಬಂದಿರುವುದು ಮಾತ್ರ ಆಧಾರ್ ದೃಢೀಕರಣಕ್ಕೆ ಪಡಿತರ ಅಂಗಡಿಯಲ್ಲಿಡುವಂಥ ಸ್ಕ್ಯಾನರ್. ಬೆರಳಿಗೆ ಜೀವವಿದೆಯೇ ಎಂದು ಅದು ಮೊದಲು ನೋಡುತ್ತದೆ. ಇಲ್ಲವೆಂದರೆ ಅಚ್ಚು ತೆಗೆಯುವುದೇ ಇಲ್ಲ. ಈ ತಪಾಸಣೆ ಸಾಧನದೊಳಗೇ ಅಡಕವಾದ ತಂತ್ರಾಂಶದಲ್ಲಿ (ಫರ್ಮ್‌ವೇರ್) ಇರುವುದರಿಂದ ನಾವು ಆಫ್ ಮಾಡುವಂತಿಲ್ಲ. ಜೀವಂತ ಬೆರಳಿಟ್ಟರೂ ಅಚ್ಚು ನಾವು ತೆರೆದು ನೋಡಲಾಗದಂತೆ ಎನ್‌ಕ್ರಿಪ್ಟ್ ಆಗಿ ಹೊರಬರುತ್ತದೆ. ನಮಗೆ ಬೇಕಾದ್ದು 500 ಪಿಪಿಐ (ಇಂಚಿಗೆ 500 ಚುಕ್ಕೆ) ಇರುವ ಬರೀ ಚಿತ್ರ. ಪೊಲೀಸರ ರಾಷ್ಟ್ರೀಯ ಬೆರಳಚ್ಚು ಸಂಗ್ರಹವಾದ ನಾಫಿಸ್‌ನಲ್ಲಿರುವುದು ಹೆಚ್ಚಾಗಿ ಅಪರಾಧ ದಾಖಲೆ, ತೋಟದ ಕಾರ್ಮಿಕರ ಅಚ್ಚು ಅಲ್ಲಿ ಸಿಗುವುದು ಅಪರೂಪ. ಅವರು ವಾಸವಿದ್ದ ಲೈನ್ ಮನೆಯ (ತೋಟದ ಸಾಲುಮನೆ) ಸ್ಟೀಲ್ ಲೋಟದ ಮೇಲಿನ ಅಚ್ಚಿಗೇ ಹೋಲಿಸಿ ನೋಡಬೇಕಾಗುತ್ತದೆ. ಚಿತ್ರವೇ ಇಲ್ಲದೆ ಹೋಲಿಸುವುದು ಹೇಗೆ?

ನಮ್ಮ ಕೊಡಗಿನ 2018ರ ಮಕ್ಕಂದೂರು, 2019ರ ತೋರ, 2020ರ ಬ್ರಹ್ಮಗಿರಿ, ಎಲ್ಲ ಗುಡ್ಡ ಕುಸಿತವೂ ಆಗಸ್ಟ್ ಮಳೆಯಲ್ಲೇ ಆದದ್ದು. ಕೆಸರಿನಡಿ ದಿನಗಟ್ಟಲೆ ನೆನೆದ ಬೆರಳು ಬೆಳ್ಳಗೆ ಸುಕ್ಕುಗಟ್ಟುತ್ತದೆ, ಕೆಲವೊಮ್ಮೆ ತೊಗಲು ಕೈಗವಸಿನಂತೆ ಕಳಚಿ ಬರುತ್ತದೆ. ಮೆತ್ತನೆ ಬ್ರಷ್‌ನಿಂದ ತೊಳೆದು, ಸ್ಪಿರಿಟ್ ಒರೆಸಿ ಒಣಗಿಸಬೇಕು. ಸುಕ್ಕು ಬಿಡದಿದ್ದರೆ ಮೇಲಿನ ಗೆಣ್ಣಿನ ಹತ್ತಿರ ಸೂಜಿ ಚುಚ್ಚಿ, ಬೆರಳ ತುದಿ ದುಂಡಗಾಗುವವರೆಗೆ ದ್ರವ ತುಂಬಿ, ಸೋರದಂತೆ ದಾರ ಕಟ್ಟಬೇಕು. ಹೊರತೊಗಲು ಹೋಗಿದ್ದರೆ, ಕುದಿ ಬರುವಷ್ಟು ಕಾದ ನೀರಿನಲ್ಲಿ 5–10 ಸೆಕೆಂಡ್ ಅದ್ದಿದಾಗ ಒಳತೊಗಲಿನ ಗೆರೆಗಳು ಏಳುತ್ತವೆ. ನಿಮ್ಮ ಕಿಟ್‌ನಲ್ಲಿ ಸಿರಿಂಜ್ ಇದೆ, ತುಂಬುವ ದ್ರವವೇ ಇಲ್ಲ!

ಸ್ಕ್ಯಾನರ್ ಕೈಕೊಟ್ಟಾಗ ಬೆರಳಿಗೆ ಪುಡಿ ಹಚ್ಚಿ, ಅಂಟುಹಾಳೆಯಲ್ಲಿ ಅಚ್ಚು ಎತ್ತುವುದೇ ಗತಿ. ಕಪ್ಪು ಪುಡಿಯ ಡಬ್ಬಿಯ ಮುಚ್ಚಳ ಸಡಿಲವಾಗಿದ್ದು, ಪುಡಿ ತೇವ ಹೀರಿ ಗಂಟಾಗಿದೆ. ಅದನ್ನು ಹಚ್ಚಿದರೆ ಗೆರೆಗಳ ನಡುವಿನ ಸಂದುಗಳೂ ತುಂಬಿ ಬರೀ ಕಪ್ಪು ಮಚ್ಚೆ ಉಳಿಯುತ್ತದೆ. ಇದಕ್ಕಿಂತ ಅಪಾಯಕಾರಿ ಎಂದರೆ ಪಾರದರ್ಶಕ ಅಂಟುಹಾಳೆ. ಯಾವ ಮಗ್ಗುಲಿನಿಂದ ನೋಡಬೇಕೆಂಬ ಗುರುತು ಅದರ ಮೇಲಿಲ್ಲ. ತಪ್ಪು ಮಗ್ಗುಲಿನಿಂದ ಸ್ಕ್ಯಾನ್ ಮಾಡಿದರೆ ಅಚ್ಚು ಎಡಬಲ ಅದಲುಬದಲಾಗಿ ಬಲಗೈ ಅಚ್ಚು ಎಡಗೈಯದೆಂದು ಕಾಣುತ್ತದೆ. ಹೋಲಿಕೆ ಸಿಗುವುದಿಲ್ಲ, ಯಾಕೆ ಸಿಗಲಿಲ್ಲವೆಂದು ಯಾರಿಗೂ ಹೊಳೆಯುವುದೂ ಇಲ್ಲ.

ಐಪಿ65 (ದೂಳು, ನೀರು ಒಳಹೋಗದ ದರ್ಜೆ) ಎಂದು ಬರೆದುಕೊಂಡ ಸಾಧನದ ಯುಎಸ್‌ಬಿ ಕಿಂಡಿಗೆ ರಬ್ಬರ್ ಮುಚ್ಚಳವಿಲ್ಲ. ಗಾಜಿನ ಒಳಗಡೆಯೇ ಹಬೆ ಕಟ್ಟುತ್ತಿದೆ.

ಜೀವ ತಪಾಸಣೆ ಇಲ್ಲದ, ಚಿತ್ರವನ್ನು ಡಬ್ಲ್ಯುಎಸ್‌ಕ್ಯು (ಬೆರಳಚ್ಚು ಚಿತ್ರಗಳ ಕಡತ ಮಾದರಿ) ಅಥವಾ ಪಿಎನ್‌ಜಿ ರೂಪದಲ್ಲಿ ಕೊಡುವ ಸ್ಕ್ಯಾನರ್, ತುಂಬುವ ದ್ರವ, ಗಾಳಿಯಾಡದ ಡಬ್ಬಿಯ ಪುಡಿ, ಮಗ್ಗುಲು ಗುರುತಿರುವ ಹಾಳೆಗಳನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಕಳಿಸಿಕೊಡಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. ತಂತ್ರಜ್ಞರನ್ನು ಕಳಿಸುವುದಾದರೆ ಎಸಿ ಕೋಣೆಯ ಪ್ರದರ್ಶನ ಬೇಡ, ಮಡಿಕೇರಿಯ ಮಳೆಯಲ್ಲೇ ಮಾಡಿ ತೋರಿಸಲಿ.

ಇಂತಿ,
ಬೆರಳಚ್ಚು ಪರಿಶೀಲಕರು,
ಮಡಿಕೇರಿ, ಕೊಡಗು